ಚಳಿಗಾಲದ ಅಭ್ಯಾಸವನ್ನು ಮಳೆಗಾಲದಲ್ಲಿ ಮಾಡಿ

ಪ್ರಶ್ನೆ: ನಾನು ಸಾಗರದವನು, ವಯಸ್ಸು 24. ಕೆಲಸದ ಜೊತೆಗೆ ಎರಡು ವರ್ಷದಿಂದ ಸೈಕಲ್ ರೇಸ್‌ಗೆ ಹೋಗುತ್ತಿದ್ದೇನೆ. ಚಳಿಗಾಲದಲ್ಲಿ ನಿಧಾನವಾಗಿ ಓಡಿಸಿ ಬೇಸ್ (ದಮ್ಮಿನ ಅಡಿಪಾಯ) ಕಟ್ಟಬೇಕು ಎಂದು ಎಲ್ಲರೂ ಹೇಳುತ್ತಾರೆ. ಕಳೆದ ಡಿಸೆಂಬರ್, ಜನವರಿ ಹಾಗೇ ಮಾಡಿದೆ. ಫೆಬ್ರವರಿಯ ರೇಸ್‌ನಲ್ಲಿ ಮೊದಲ ಏರಿನಲ್ಲೇ ಹಿಂದೆ ಬಿದ್ದೆ. ಎಲ್ಲಿ ತಪ್ಪಿತು?

ಉತ್ತರ: ಅಭ್ಯಾಸ ಸರಿಯಾಗೇ ಇದೆ, ತಿಂಗಳು ತಪ್ಪಿದೆ. ಆ ಮಾತು ಯುರೋಪಿನಿಂದ ಬಂದದ್ದು. ಅಲ್ಲಿ ರಸ್ತೆ ರೇಸ್‌ಗಳು ಫೆಬ್ರವರಿ, ಮಾರ್ಚ್ ಹೊತ್ತಿಗೆ ಶುರುವಾಗಿ ಅಕ್ಟೋಬರ್‌ಗೆ ಮುಗಿಯುತ್ತವೆ. ಡಿಸೆಂಬರ್‌ನಲ್ಲಿ ಬೆಲ್ಜಿಯಂ ಕಡೆ ಹಗಲು ಎಂಟು ಗಂಟೆಯಷ್ಟೇ, ರಸ್ತೆ ಮೇಲೆ ಮಂಜುಗಡ್ಡೆ. ಹಾಗಾಗಿ ಕೆಲಸಕ್ಕೆ ಹೋಗುವ ಹವ್ಯಾಸಿಗಳು ಮನೆಯೊಳಗೆ ಟ್ರೈನರ್ (ಸೈಕಲ್ಲನ್ನು ನಿಂತಲ್ಲೇ ತುಳಿಯುವ ಸಾಧನ) ಮೇಲೆ ಕೂರುತ್ತಾರೆ, ಭಾರ ಎತ್ತುತ್ತಾರೆ. ಕೆಲವರು ಕೆಸರಿನಲ್ಲಿ ನಡೆಯುವ ಸೈಕ್ಲೋಕ್ರಾಸ್ ಆಡುತ್ತಾರೆ. ವೌಟ್ ವಾನ್ ಆರ್ಟ್, ಮ್ಯಾಥ್ಯೂ ವಾನ್ ಡರ್ ಪೂಲ್ ಅವರಂಥ ದೊಡ್ಡ ವೃತ್ತಿಪರರೂ ಚಳಿಗಾಲದಲ್ಲಿ ಆ ಕೆಸರಿಗೆ ಇಳಿಯುತ್ತಾರೆ. ಇನ್ನು ಅನುಕೂಲ ಇರುವವರು ಬಿಸಿಲು ಹುಡುಕಿಕೊಂಡು ಸ್ಪೇನಿನ ಮಯೋರ್ಕಾ ದ್ವೀಪಕ್ಕೆ ಹೋಗಿ ಎರಡು ವಾರ ಓಡಿಸಿ ಬರುತ್ತಾರೆ.

ಅವರು ಅಷ್ಟು ದೂರ ಹೋಗಿ ಹುಡುಕುವ ಹವೆ ನಮ್ಮಲ್ಲಿ ಡಿಸೆಂಬರ್‌ನಲ್ಲಿ ಮನೆ ಬಾಗಿಲಿಗೇ ಬರುತ್ತದೆ, ಅಲ್ವಾ? ಬೆಳಗ್ಗೆ ಆರೂವರೆಗೆ 15 ಡಿಗ್ರಿ ಆಸುಪಾಸು, ಒಣ ರಸ್ತೆ, ಹನ್ನೊಂದು ಗಂಟೆಗೂ ಜಾಸ್ತಿ ಹಗಲು. ನಮ್ಮ ಕಡೆ ಹೆಚ್ಚಿನ ರೇಸ್‌ಗಳು ನಡೆಯುವುದೂ ಮಳೆ ನಿಂತ ಮೇಲೆಯೇ. ನಮ್ಮನ್ನು ಮನೆಯೊಳಗೆ ಕೂರಿಸುವುದು ಆರಿದ್ರೆ, ಪುನರ್ವಸು ಮಳೆ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರ್‌ಗೂ ಮೇಲೆ ಸುರಿಯುತ್ತದೆ. ಶಿವಮೊಗ್ಗ ಪೇಟೆಯಲ್ಲಿ ಅದರ ಕಾಲು ಭಾಗವೂ ಇಲ್ಲ, ಆದರೂ ಜುಲೈನ ಜಿಟಿಜಿಟಿಯಲ್ಲಿ ನಾಲ್ಕು ಗಂಟೆ ಓಡಿಸಲು ಯಾರಿಗೂ ಮನಸ್ಸು ಬರುವುದಿಲ್ಲ.

ಹಾಗಾಗಿ ಅವರ ನವೆಂಬರ್ ಅಂದರೆ ನಮ್ಮ ಜೂನ್ ಎಂದು ಇಟ್ಟುಕೊಳ್ಳಿ. ಸೀಸನ್ನಿನ ಕೊನೆಯ ರೇಸ್ ಮುಗಿದ ಮೇಲೆ ಎರಡು ವಾರ ಸೈಕಲ್ ಮುಟ್ಟಬೇಡಿ. ಏಪ್ರಿಲ್, ಮೇ ಬಿಸಿಲಿಗೆ ಬೆಳಗಿನ ಸಣ್ಣ ಓಡಾಟ ಸಾಕು. ಜೂನ್‌ನಿಂದ ಆಗಸ್ಟ್ ಕೊನೆವರೆಗೆ ನಿಧಾನದ ಅಭ್ಯಾಸ ಮತ್ತು ಭಾರ. ಸೆಪ್ಟೆಂಬರ್‌ನಲ್ಲಿ ದೂರ ಹೆಚ್ಚಿಸಿ, ಅಕ್ಟೋಬರ್‌ನಲ್ಲಿ ಏರು ಹಿಡಿದು ಜೋರು ಮಾಡಿ. ನಾಲ್ಕು ನಿಮಿಷ ಜೋರು, ನಾಲ್ಕು ನಿಮಿಷ ಹಗುರ, ಹೀಗೆ ನಾಲ್ಕೈದು ಸಲ, ವಾರಕ್ಕೆ ಎರಡು ದಿನ. ಅದಕ್ಕಿಂತ ಜಾಸ್ತಿ ಬೇಡ. ಪ್ರತಿ ನಾಲ್ಕನೇ ವಾರ ಅರ್ಧಕ್ಕೆ ಇಳಿಸಿ, ಕಾಲಿಗೆ ಆರಲು ಸಮಯ ಕೊಡಿ. ಡಿಸೆಂಬರ್‌ಗೆ ನೀವು ರೇಸ್‌ಗೆ ತಯಾರಾಗಿರಬೇಕು. ಆಗ ಕೂತು ಬೇಸ್ ಕಟ್ಟುವುದೆಂದರೆ ಅಡಿಕೆ ಕೊಯ್ಲಿನ ಹೊತ್ತಿಗೆ ಗುಂಡಿ ತೋಡಿ ಸಸಿ ನೆಟ್ಟ ಹಾಗೆ.

ಪ್ರಶ್ನೆ: ನಿಧಾನ ಅಂದರೆ ಎಷ್ಟು ನಿಧಾನ? ಜೊತೆಯವರು ಮುಂದೆ ಹೋದಾಗ ಸುಮ್ನೆ ಟೈಮ್ ಹಾಳು ಮಾಡುತ್ತಿದ್ದೇನೆ ಅನಿಸುತ್ತದೆ. (ಶಿವಮೊಗ್ಗದ ವಿದ್ಯಾರ್ಥಿನಿ)

ಉತ್ತರ: ಮಾತಾಡಿ ನೋಡಿ. ಶಿವಮೊಗ್ಗದಿಂದ ಗಾಜನೂರು, ಸಕ್ರೆಬೈಲು ದಾಟಿ ಮಂಡಗದ್ದೆವರೆಗೆ ಸುಮಾರು 30 ಕಿಲೋಮೀಟರ್. ಆ ದಾರಿಯುದ್ದಕ್ಕೂ ಪಕ್ಕದವರ ಹತ್ತಿರ ಪೂರ್ತಿ ವಾಕ್ಯದಲ್ಲಿ ಮಾತಾಡಲು ಆಗಬೇಕು. ‘ಹೂಂ’, ‘ಇಲ್ಲ’ ಎಂದು ತುಂಡು ಮಾತು ಶುರುವಾಯಿತೋ, ಜಾಸ್ತಿ ಆಯಿತು. ಚಿಕ್ಕ ಏರು ಬಂದಾಗಲೇ ಎಲ್ಲರೂ ತಪ್ಪುವುದು. ಅಲ್ಲಿ ಗೇರ್ ಇಳಿಸಿ, ಹಿಂದೆ ಉಳಿಯಿರಿ, ಪರವಾಗಿಲ್ಲ.

ಈ ನಿಧಾನದ ಗಂಟೆಗಳಲ್ಲಿ ಒಳಗೆ ದೊಡ್ಡ ಕೆಲಸ ನಡೆಯುತ್ತಿರುತ್ತದೆ. ಹೃದಯ ಒಂದು ಬಡಿತಕ್ಕೆ ಜಾಸ್ತಿ ರಕ್ತ ತಳ್ಳಲು ಕಲಿಯುತ್ತದೆ. ಸ್ನಾಯುಗಳಲ್ಲಿ ಸಣ್ಣ ಸಣ್ಣ ರಕ್ತನಾಳಗಳು ಹೆಚ್ಚುತ್ತವೆ, ಶಕ್ತಿ ತಯಾರಿಸುವ ಮೈಟೋಕಾಂಡ್ರಿಯಾ ಹೆಚ್ಚುತ್ತವೆ, ಮೈ ಕೊಬ್ಬನ್ನು ಚೆನ್ನಾಗಿ ಉರಿಸುತ್ತದೆ. ಇದಕ್ಕೆಲ್ಲ ತಿಂಗಳುಗಟ್ಟಲೆ ಬೇಕು. ದಿನಾ ಅರೆಜೋರು ಓಡಿಸಿದರೆ ಸುಸ್ತು ಉಳಿಯುತ್ತದೆ, ನಿಜವಾಗಿ ಜೋರು ಮಾಡಬೇಕಾದ ದಿನ ಕಾಲು ಏಳುವುದಿಲ್ಲ. ಎಷ್ಟೋ ಒಳ್ಳೆಯ ಹುಡುಗ ಹುಡುಗಿಯರು ಹೀಗೆ ವರ್ಷಗಟ್ಟಲೆ ಒಂದೇ ಮಟ್ಟದಲ್ಲಿ ನಿಂತುಬಿಡುವುದನ್ನು ನೋಡಿದ್ದೇನೆ, ನನಗೆ ಅದು ಬೇಜಾರಿನ ವಿಷಯ. ಹತ್ತರಲ್ಲಿ ಎಂಟು ದಿನ ಹಗುರ ಇರಲಿ.

ಪ್ರಶ್ನೆ: ದುಬಾರಿ ಟ್ರೈನರ್ ಕೊಳ್ಳಲು ಆಗುವುದಿಲ್ಲ. ಮಳೆಯಲ್ಲಿ ಏನು ಮಾಡಲಿ? (ತೀರ್ಥಹಳ್ಳಿಯಿಂದ)

ಉತ್ತರ: ಚಕ್ರಗಳ ಕೆಳಗೆ ತಿರುಗುವ ಮೂರು ಉರುಳೆಗಳ ಸಾದಾ ರೋಲರ್ ಸಾಕು, ಸೆಕೆಂಡ್ ಹ್ಯಾಂಡ್ ಆದರೂ ಸರಿ. ನಾನು ಕಲಿತದ್ದು ಜಗುಲಿಯಲ್ಲಿ, ಕಂಬ ಹಿಡಿದುಕೊಂಡು. ಹೆಂಚಿನ ಮೇಲೆ ಮಳೆ ಹೊಯ್ಯುವ ಸದ್ದಿಗೆ ರೋಲರ್ ಸದ್ದೇ ಕೇಳುವುದಿಲ್ಲ. ಹೊರಗೆ ಅಷ್ಟು ತಂಪಿದ್ದರೂ ಹತ್ತೇ ನಿಮಿಷಕ್ಕೆ ಮೂಗಿನ ತುದಿಯಿಂದ ಬೆವರು ತೊಟ್ಟಿಕ್ಕುತ್ತದೆ, ಏಕೆಂದರೆ ನಿಂತಲ್ಲೇ ತುಳಿಯುವಾಗ ಎದುರು ಗಾಳಿ ಇರುವುದಿಲ್ಲ. ಮುಂದೆ ಫ್ಯಾನ್ ಇಡಿ, ಹ್ಯಾಂಡಲ್ ಮೇಲೆ ಟವೆಲ್ ಹಾಸಿ. ಒಂದು ಮಳೆಗಾಲ ಟವೆಲ್ ಹಾಕದೆ ಓಡಿಸಿ, ಉಪ್ಪು ಬೆವರಿಗೆ ನನ್ನ ಹ್ಯಾಂಡಲ್ ಕೆಳಗಿನ ಬೋಲ್ಟ್ ತುಕ್ಕು ಹಿಡಿದು ಅಲ್ಲೇ ಕಚ್ಚಿಕೊಂಡಿತ್ತು. ರೋಲರ್ ಮೇಲೆ ತುಳಿಯುವುದು ಒಂದು ಕ್ಷಣ ಬಿಟ್ಟರೂ ಸೈಕಲ್ ಓಲಾಡುತ್ತದೆ, ಆದ್ದರಿಂದ ಕಾಲು ತಾನಾಗಿ ದುಂಡಗೆ ತಿರುಗಲು ಕಲಿಯುತ್ತದೆ. ದಿನಕ್ಕೆ 45 ನಿಮಿಷದಿಂದ ಒಂದು ಗಂಟೆ, ವಾರಕ್ಕೆ ಮೂರು ದಿನ.

ಇನ್ನೆರಡು ದಿನ ಭಾರ. ಬೈಠಕ್, ಒಂಟಿ ಕಾಲಿನಲ್ಲಿ ಮೆಟ್ಟಿಲು ಹತ್ತುವುದು, ನೆಲದಿಂದ ಎತ್ತುವುದು. ಮೊದಲ ಮೂರು ವಾರ ಹಗುರವಾಗಿ ಕ್ರಮ ಕಲಿತು, ಆಮೇಲೆ ಆರರಿಂದ ಎಂಟು ಸಲ ಮಾತ್ರ ಎತ್ತಲು ಆಗುವಷ್ಟು ಭಾರಕ್ಕೆ ಬನ್ನಿ. ಜಿಮ್ ಇಲ್ಲದಿದ್ದರೆ ಚೀಲಕ್ಕೆ ಮರಳು ತುಂಬಿ. ಸೈಕಲ್ ಮೈಭಾರವನ್ನು ತಾನೇ ಹೊರುವುದರಿಂದ ಬರೀ ಸೈಕಲ್ ತುಳಿಯುವವರ ಮೂಳೆ ಗಟ್ಟಿಯಾಗುವುದಿಲ್ಲ. ಅದಕ್ಕೇ ಭಾರವೂ ಬೇಕು, ಗುಡ್ಡ ಹತ್ತುವುದೂ ಬೇಕು. ನಾಟಿ ಸಮಯದಲ್ಲಿ ಗದ್ದೆಗೆ ಇಳಿಯುವವರಾದರೆ ಆ ದಿನ ಬೇರೆ ಅಭ್ಯಾಸವೇ ಬೇಡ.

ಮಳೆ ಹೊಳವಾದ ದಿನ ಹೊರಗೆ ಹೋಗಿ. ಟೈರಿನ ಗಾಳಿ ಸ್ವಲ್ಪ ಇಳಿಸಿ. ರಸ್ತೆಯ ಬಿಳಿ ಪಟ್ಟಿ, ಹಾವಸೆ ಹಿಡಿದ ಅಂಚು, ಕೊಳೆತ ಎಲೆ, ಇವುಗಳ ಮೇಲೆ ಬ್ರೇಕ್ ಹಿಡಿಯಲೇಬೇಡಿ. ಬಂದ ಕೂಡಲೇ ಚೈನ್ ಒರೆಸಿ ಎಣ್ಣೆ ಬಿಡಿ. ಆಗುಂಬೆ ಘಾಟಿಯ 14 ತಿರುವುಗಳನ್ನು ಮಳೆಯಲ್ಲಿ ಇಳಿಯುವ ಆಸೆ ಬಿಟ್ಟುಬಿಡಿ, ಅದು ನವೆಂಬರ್‌ಗೆ ಇರಲಿ.

ಪ್ರಶ್ನೆ: ಮಳೆ ನಿಂತ ಮೇಲೆ ಶುರು ಮಾಡಿದರೆ ಪ್ರತಿ ವರ್ಷ ಮಂಡಿ ನೋವು. ಏನು ಮಾಡಲಿ? (ಭದ್ರಾವತಿಯಿಂದ)

ಉತ್ತರ: ನನಗೂ ಒಮ್ಮೆ ಆಗಿತ್ತು. ಮಳೆಗಾಲವಿಡೀ ಸೈಕಲ್ ಮೂಲೆಯಲ್ಲಿತ್ತು, ಅಕ್ಟೋಬರ್‌ನ ಮೊದಲ ಭಾನುವಾರವೇ ಗುಂಪಿನ ಹಿಂದೆ ಬಿದ್ದು 80 ಕಿಲೋಮೀಟರ್ ಓಡಿಸಿದೆ. ಆರು ವಾರ ಮೆಟ್ಟಿಲು ಇಳಿಯುವುದೂ ಕಷ್ಟವಾಯಿತು. ದಮ್ಮು ಬೇಗ ವಾಪಸ್ ಬರುತ್ತದೆ, ಕೀಲು ಮತ್ತು ಸ್ನಾಯುಬಂಧ ಗಟ್ಟಿಯಾಗಲು ಜಾಸ್ತಿ ದಿನ ಬೇಕು. ವಾರಕ್ಕೆ ಹತ್ತನೇ ಒಂದು ಭಾಗದಷ್ಟು ಮಾತ್ರ ಹೆಚ್ಚಿಸಿ. ಪೆಡಲ್ ನಿಮಿಷಕ್ಕೆ 85ರಿಂದ 95 ಸುತ್ತು ಬರುವ ಹಗುರ ಗೇರ್ ಇರಲಿ. ಮಂಡಿಯ ಮುಂಭಾಗ ನೋಯುತ್ತಿದ್ದರೆ ಸೀಟು ತಗ್ಗಾಗಿರಬಹುದು, ಹಿಂಭಾಗ ನೋಯುತ್ತಿದ್ದರೆ ಎತ್ತರ ಆಗಿರಬಹುದು. ಊತ ಇದ್ದರೆ ಡಾಕ್ಟರ ಹತ್ತಿರ ಹೋಗಿ, ತಡ ಮಾಡಬೇಡಿ.

ಪ್ರಶ್ನೆ: ಜನವರಿಯಲ್ಲಿ ಕಾಡುದಾರಿಯಲ್ಲಿ ಎಂಟಿಬಿ (ಮೌಂಟನ್ ಬೈಕ್) ಓಡಿಸಬಹುದಾ? (ಸೊರಬದಿಂದ)

ಉತ್ತರ: ನಿಮ್ಮ ತಾಲೂಕಿನ ಕ್ಯಾಸನೂರಿನಲ್ಲೇ 1957ರಲ್ಲಿ ಮಂಗನ ಕಾಯಿಲೆ ಗುರುತಾದದ್ದು. ಅದನ್ನು ಹರಡುವ ಉಣುಗು ಡಿಸೆಂಬರ್‌ನಿಂದ ಮೇವರೆಗೆ ತರಗೆಲೆಗಳಲ್ಲಿ ಜಾಸ್ತಿ ಇರುತ್ತದೆ. ಮಂಗ ಸತ್ತ ಸುದ್ದಿ ಇದ್ದ ಕಡೆ ಹೋಗಲೇಬೇಡಿ. ಬೇರೆ ಕಡೆಯೂ ಉದ್ದ ಕಾಲುಚೀಲ, ಉದ್ದ ತೋಳಿನ ಅಂಗಿ ಹಾಕಿ. ಆರೋಗ್ಯ ಇಲಾಖೆ ಕೊಡುವ ಉಣುಗಿನ ಎಣ್ಣೆ ಹಚ್ಚಿಕೊಳ್ಳಿ. ದಾರಿಯಲ್ಲಿ ತರಗೆಲೆ ಮೇಲೆ ಕೂತು ಸುಧಾರಿಸಿಕೊಳ್ಳಬೇಡಿ. ಮನೆಗೆ ಬಂದ ಕೂಡಲೇ ಬಿಸಿನೀರು ಸ್ನಾನ, ಬಟ್ಟೆ ನೇರ ಬಕೆಟ್‌ಗೆ. ಆಮೇಲೆ ಜ್ವರ, ಜೋರು ತಲೆನೋವು ಬಂದರೆ ಕಾಡಿಗೆ ಹೋಗಿದ್ದನ್ನು ಡಾಕ್ಟರಿಗೆ ಮೊದಲೇ ಹೇಳಿ.