ಓದುಗರ ಪ್ರಶ್ನೆ, ವಕೀಲರ ಉತ್ತರ: ಹಾಡಿದವರಿಗೂ ನೋಟಿಸ್ ಬರುತ್ತದೆಯೇ?

ಈ ಸಲ ಬಂದ ಪತ್ರಗಳಲ್ಲಿ ಹಾಡುವವರದ್ದು, ನುಡಿಸುವವರದ್ದೇ ಹೆಚ್ಚು. ಮಂಡ್ಯ ಸೀಮೆಯ ಪೌರಾಣಿಕ ನಾಟಕಗಳಿಗೆ ಹಾರ್ಮೋನಿಯಂ ನುಡಿಸುತ್ತಿದ್ದವರ ಮಗಳು ನಾನು. ಹಾಗಾಗಿ ಮಿಕ್ಕ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಇಟ್ಟುಕೊಂಡು ಇವನ್ನೇ ಮೊದಲು ತೆಗೆದುಕೊಂಡಿದ್ದೇನೆ.

ಪ್ರಶ್ನೆ: ಮಂಡ್ಯದಲ್ಲಿ ನಮ್ಮದೊಂದು ಆರ್ಕೆಸ್ಟ್ರಾ ಇದೆ. ಗಣೇಶನ ಪೆಂಡಾಲ್, ಆರತಕ್ಷತೆ, ರಾಜ್ಯೋತ್ಸವ ಅಂತ ಎಲ್ಲ ಕಡೆ ಹಾಡುತ್ತೇವೆ. ‘ಲೈಸೆನ್ಸ್ ಇಲ್ಲದೆ ಸಿನಿಮಾ ಹಾಡು ಹಾಡಿಸಿದರೆ ಕೇಸು’ ಎಂದು ಪೆಂಡಾಲಿನವರ ವಾಟ್ಸ್ಆ್ಯಪ್‌ಗೆ ಒಂದು ಪತ್ರ ಬಂತಂತೆ. ಅದನ್ನೇ ನೆಪ ಮಾಡಿ ನಮ್ಮ ಬಾಕಿ ಹಣ ಕೊಡುತ್ತಿಲ್ಲ. ಎಸ್‌ಪಿಬಿ ಅವರಿಗೇ ನೋಟಿಸ್ ಬಂದಿತ್ತು ಅಂತಾರೆ, ನಮ್ಮ ಗತಿ ಏನು ಮೇಡಂ?

ಉತ್ತರ: ಬಾಕಿ ಹಣದ ಮಾತು ಮೊದಲು. ನೀವು ಒಪ್ಪಿದ ಕೆಲಸ ಮಾಡಿದ್ದೀರಿ, ಅವರು ಒಪ್ಪಿದ ಹಣ ಕೊಡಬೇಕು. ಲೈಸೆನ್ಸ್ ಪತ್ರವನ್ನು ತೋರಿಸಿ ಅದನ್ನು ತಡೆಹಿಡಿಯುವ ಹಾಗಿಲ್ಲ.

ಎಸ್‌ಪಿಬಿ ಅವರ ವಿಚಾರ ನಿಜ. 2017ರ ಮಾರ್ಚ್‌ನಲ್ಲಿ ಅವರು ಅಮೆರಿಕದಲ್ಲಿ ಕಾರ್ಯಕ್ರಮ ಕೊಡುತ್ತಿದ್ದಾಗ ಇಳಯರಾಜ ಅವರ ಕಡೆಯಿಂದ ನೋಟಿಸ್ ಹೋಯಿತು. ಚಿತ್ರಾ ಅವರಿಗೂ ಬಂತು. ತಾವೇ ಹಾಡಿ ಊರೂರಿಗೆ ಮುಟ್ಟಿಸಿದ ಹಾಡುಗಳನ್ನು ವೇದಿಕೆಯಲ್ಲಿ ಹಾಡಲು ಅನುಮತಿ ಬೇಕು ಎಂದರೆ ಯಾವ ಗಾಯಕರಿಗೆ ನೋವಾಗುವುದಿಲ್ಲ? ಎಸ್‌ಪಿಬಿ ಜಗಳಕ್ಕೆ ನಿಲ್ಲಲಿಲ್ಲ. ಆ ಹಾಡುಗಳನ್ನು ಬಿಟ್ಟು ಬೇರೆಯವರ ಸಂಗೀತದ ಹಾಡುಗಳನ್ನು ಹಾಡಿದರು. 2019ರಲ್ಲಿ ಇಬ್ಬರೂ ಚೆನ್ನೈನ ವೇದಿಕೆಯೊಂದರಲ್ಲಿ ಮತ್ತೆ ಜೊತೆಯಾದರು. ಹಾಗಂತ ಇಳಯರಾಜ ಅವರ ಬೇಡಿಕೆ ಬುಡವಿಲ್ಲದ್ದು ಎಂದು ನಾನು ಹೇಳಲಾರೆ. ಸಭೆಯಲ್ಲಿ ಹಾಡುವ ಪ್ರತಿ ಹಾಡಿಗೂ ಅದನ್ನು ಬರೆದವರು, ರಾಗ ಹಾಕಿದವರು ಇರುತ್ತಾರೆ. ಅವರಿಗೆ ಸಲ್ಲಬೇಕಾದದ್ದನ್ನು ದಶಕಗಳ ಕಾಲ ಯಾರೂ ಸಲ್ಲಿಸಲಿಲ್ಲ. 2012ರ ತಿದ್ದುಪಡಿ ಬಂದ ಮೇಲೆ, ಸಿನಿಮಾಕ್ಕಾಗಿಯೇ ಬರೆದುಕೊಟ್ಟ ಹಾಡಾದರೂ, ಚಿತ್ರಮಂದಿರದ ಪ್ರದರ್ಶನ ಬಿಟ್ಟು ಬೇರೆ ಬಳಕೆಗೆ ಬರುವ ರಾಯಧನವನ್ನು ಸಾಹಿತಿ, ಸಂಗೀತ ನಿರ್ದೇಶಕರಿಂದ ನಿರ್ಮಾಪಕರು ಬರೆಸಿಕೊಳ್ಳುವಂತಿಲ್ಲ.

ಈಗ ನಿಮ್ಮ ಕಾರ್ಯಕ್ರಮಗಳಿಗೆ ಬರೋಣ. ಮದುವೆಗೆ ಕಾನೂನಿನಲ್ಲೇ ವಿನಾಯಿತಿ ಇದೆ. ಕಾಪಿರೈಟ್ ಕಾಯ್ದೆಯ ಸೆಕ್ಷನ್ 52(1)(ಝಡ್‌ಎ) ಮದುವೆಯ ಮೆರವಣಿಗೆಯನ್ನೂ ಮದುವೆಗೆ ಸೇರಿದ ಸಂಭ್ರಮಗಳನ್ನೂ ಧಾರ್ಮಿಕ ಸಮಾರಂಭದ ಜೊತೆಗೇ ಸೇರಿಸಿದೆ. 2023ರ ಜುಲೈನಲ್ಲಿ ಕೇಂದ್ರ ಸರ್ಕಾರ ಇದನ್ನೇ ಸಾರ್ವಜನಿಕ ಸೂಚನೆಯಲ್ಲಿ ನೆನಪಿಸಿತು. ಸರ್ಕಾರವೋ ನಗರಸಭೆಯೋ ಅಧಿಕೃತವಾಗಿ ನಡೆಸುವ ರಾಜ್ಯೋತ್ಸವಕ್ಕೂ ತೊಂದರೆಯಿಲ್ಲ. ಗಣೇಶನ ಪೂಜೆ, ಮಂಗಳಾರತಿ, ಭಜನೆಗೂ ಇಲ್ಲ. ರಾತ್ರಿಯ ಸಿನಿಮಾ ಹಾಡಿನ ಆರ್ಕೆಸ್ಟ್ರಾ ಮಾತ್ರ ವಾದಕ್ಕೆ ಸಿಗುವ ಜಾಗ. ಟಿಕೆಟ್ ಇಲ್ಲದೆ ಹವ್ಯಾಸಿಗಳು ಹಾಡಿದರೆ ಇನ್ನೊಂದು ವಿನಾಯಿತಿ ಇದೆ, ಆದರೆ ನೀವು ಸಂಭಾವನೆ ಪಡೆಯುವ ವೃತ್ತಿಪರರು. ಅಂಥ ಕಡೆ ಪರವಾನಗಿ ಪಡೆದುಕೊಳ್ಳುವುದೇ ಕ್ಷೇಮ. ವಾಡಿಕೆಯಲ್ಲಿ ಅದು ಆಯೋಜಕರ ಹೊಣೆ. ಆದರೂ ಹಾಡಿದವರು ಕಾನೂನಿನಿಂದ ಪೂರ್ತಿ ಹೊರಗೆ ಉಳಿಯುವುದಿಲ್ಲ. ಆದ್ದರಿಂದ ಅಡ್ವಾನ್ಸ್ ತೆಗೆದುಕೊಳ್ಳುವಾಗಲೇ ‘ಹಾಡುಗಳ ಲೈಸೆನ್ಸ್ ಆಯೋಜಕರದ್ದು’ ಎಂದು ರಸೀದಿಯ ಮೇಲೆ ಬರೆಸಿ, ಸಹಿ ಹಾಕಿಸಿಕೊಳ್ಳಿ.

ಪತ್ರ ಕಳಿಸಿದವರನ್ನೂ ಕೇಳಿ: ಹಕ್ಕುದಾರರ ಪರವಾಗಿ ಲೈಸೆನ್ಸ್ ಕೊಡುವ ನೋಂದಾಯಿತ ಸೊಸೈಟಿಯೇ? ಪ್ರಕಟಿಸಿದ ದರಪಟ್ಟಿ ಎಲ್ಲಿದೆ? ಯಾವ ಯಾವ ಹಾಡಿನ ಹಕ್ಕು ನಿಮ್ಮ ಕೈಯಲ್ಲಿದೆ? ಇದಕ್ಕೆಲ್ಲ ಬರಹದಲ್ಲಿ ಉತ್ತರ ಬರುವ ತನಕ ಯಾರ ಮೊಬೈಲ್ ನಂಬರಿಗೂ ಹಣ ಹಾಕಬೇಡಿ.

ಪ್ರಶ್ನೆ: ಮೈಸೂರಿನಲ್ಲಿ ಓದುತ್ತಿದ್ದೇನೆ, ಸ್ವಂತ ಹಾಡು ಮಾಡುತ್ತೇನೆ. ಒಂದು ಹಾಡಿನ ಪಲ್ಲವಿ ಹಳೆಯ ಸಿನಿಮಾ ಹಾಡಿನಂತಿದೆ ಎಂದು ಗೆಳೆಯರು ಹೇಳುತ್ತಾರೆ. ನಾನು ಬೇಕಂತ ಮಾಡಿದ್ದಲ್ಲ, ಎರಡಕ್ಕೂ ರಾಗ ಒಂದೇ. ಇದು ಕಳ್ಳತನವೇ?

ಉತ್ತರ: ರಾಗ ಒಂದೇ ಆದರೆ ತಪ್ಪಿಲ್ಲ. ಮೋಹನವನ್ನೋ ಕಲ್ಯಾಣಿಯನ್ನೋ ಯಾರೂ ಕೊಂಡುಕೊಂಡಿಲ್ಲ. ಹಳೆಯ ಹಾಡೊಂದನ್ನು ನಕಲು ಮಾಡಿದರೆಂಬ ಆರೋಪ ಹೊತ್ತ ಇಂಗ್ಲೆಂಡಿನ ಗಾಯಕ ಎಡ್ ಶೀರನ್ 2023ರಲ್ಲಿ ನ್ಯೂಯಾರ್ಕ್ ಕೋರ್ಟಿನ ಸಾಕ್ಷಿಕಟ್ಟೆಯಲ್ಲೇ ಗಿಟಾರ್ ಹಿಡಿದು, ತಮ್ಮ ಹಾಡಿನ ಕಾರ್ಡ್‌ಗಳು (ಒಟ್ಟಿಗೆ ನುಡಿಸುವ ಸ್ವರಗುಚ್ಛಗಳು) ಎಷ್ಟೋ ಹಾಡುಗಳಲ್ಲಿ ಇರುವಂಥವೇ ಎಂದು ನುಡಿಸಿ ತೋರಿಸಿದರು. ಜ್ಯೂರಿ ಅವರ ಪರ ನಿಂತಿತು.

ಆದರೆ ‘ಬೇಕಂತ ಮಾಡಿದ್ದಲ್ಲ’ ಎಂಬ ಮಾತು ಎಲ್ಲ ಸಲವೂ ಕಾಪಾಡುವುದಿಲ್ಲ. ಬೀಟಲ್ಸ್‌ನ ಜಾರ್ಜ್ ಹ್ಯಾರಿಸನ್ ಅವರ ‘ಮೈ ಸ್ವೀಟ್ ಲಾರ್ಡ್’ 1970ರಲ್ಲಿ ಬಂತು. ಅದರ ಧಾಟಿ 1963ರ ‘ಹೀ ಈಸ್ ಸೋ ಫೈನ್’ ಹಾಡಿನದ್ದೇ ಎಂದು ದಾವೆ ಬಿತ್ತು. ಹ್ಯಾರಿಸನ್ ತಿಳಿದು ಕದ್ದವರಲ್ಲ, ಆದರೆ ಕೇಳಿದ ಹಾಡು ಒಳಮನಸ್ಸಿನಲ್ಲಿ ಕೂತು ಹೊರಬಂದಿದೆ, ಅದೂ ಉಲ್ಲಂಘನೆಯೇ ಎಂದು 1976ರಲ್ಲಿ ನ್ಯಾಯಾಧೀಶರು ತೀರ್ಪು ಕೊಟ್ಟರು. ಆಮೇಲೆ ನಡೆದದ್ದು ಇನ್ನೂ ಬೇಸರದ ಕಥೆ. ಹ್ಯಾರಿಸನ್ ಅವರ ಮಾಜಿ ಮ್ಯಾನೇಜರ್ರೇ ಆ ಹಳೆಯ ಹಾಡಿನ ಹಕ್ಕು ಇದ್ದ ಕಂಪನಿಯನ್ನು ಕೊಂಡುಕೊಂಡು ಎದುರು ನಿಂತರು. ಹೀಗೆ ಲಾಭ ಮಾಡಿಕೊಳ್ಳುವಂತಿಲ್ಲ ಎಂದ ಕೋರ್ಟು, ಆತ ಹಕ್ಕು ಕೊಳ್ಳಲು ಕೊಟ್ಟಿದ್ದ 5,87,000 ಡಾಲರಿಗೇ ಮೊತ್ತವನ್ನು ಇಳಿಸಿತು.

ನಮ್ಮ ಕಡೆ ‘ಕಾಂತಾರ’ದ ‘ವರಾಹರೂಪಂ’ ನೆನಪಿರಬೇಕು. ತಮ್ಮ ‘ನವರಸಂ’ ಹಾಡನ್ನೇ ಹೋಲುತ್ತದೆ ಎಂದು ಕೇರಳದ ತೈಕ್ಕುಡಂ ಬ್ರಿಡ್ಜ್ ತಂಡ 2022ರಲ್ಲಿ ಕೋರ್ಟಿಗೆ ಹೋಯಿತು. ತಡೆಯಾಜ್ಞೆ ಬಂದು, ಸಿನಿಮಾ ಒಟಿಟಿಗೆ ಬಂದಾಗ ಮೊದಲು ಅದರಲ್ಲಿ ಇದ್ದದ್ದು ಬದಲಾಯಿಸಿದ ಹಾಡು. ಊರೆಲ್ಲ ಮೆಚ್ಚಿದ ಹಾಡಿಗೂ ಹಾಗಾಗುತ್ತದೆ.

ನಿಮ್ಮ ಹಾಡಿನ ಆ ಪಲ್ಲವಿಯ ಸ್ವರಗಳನ್ನು ಬರೆಯಿರಿ, ಹಳೆಯ ಹಾಡಿನದ್ದನ್ನು ಅದರ ಕೆಳಗೇ ಬರೆಯಿರಿ. ಸ್ವರಗಳ ಜೋಡಣೆ, ಎತ್ತುಗಡೆ, ನಿಲುಗಡೆ ಸಾಲಿಗೆ ಸಾಲು ಕೂಡಿದರೆ ಪಲ್ಲವಿ ಬದಲಾಯಿಸಿ. ಇನ್ನು ಮುಂದೆ ಹಾಡು ಹೊಳೆದ ದಿನವೇ ಫೋನಿನಲ್ಲಿ ಗುನುಗಿ, ರೆಕಾರ್ಡ್ ಮಾಡಿ, ಅಳಿಸದೆ ಇಟ್ಟುಕೊಳ್ಳಿ. ತಮ್ಮ ಹಿರಿಯರ ರಚನೆಯನ್ನು ಸಿನಿಮಾ ಹಾಡಿಗೆ ಬಳಸಿಕೊಂಡರು ಎಂದು ಧ್ರುಪದ್ ಗಾಯಕರಾದ ಡಾಗರ್ ಮನೆತನದವರು ಎ.ಆರ್. ರೆಹಮಾನ್ ಮೇಲೆ ಹೂಡಿದ ಮೊಕದ್ದಮೆಯಲ್ಲಿ, ರಚಿಸಿದವರು ಯಾರು ಎಂದು ತೋರಿಸುವುದೇ ದೊಡ್ಡ ತೊಡಕಾಯಿತು. 2025ರ ಏಪ್ರಿಲ್‌ನಲ್ಲಿ ದೆಹಲಿ ಹೈಕೋರ್ಟಿನ ಏಕಸದಸ್ಯ ಪೀಠ ಡಾಗರ್ ಸಹೋದರರ ಹೆಸರು ಹಾಕಿ, 2 ಕೋಟಿ ರೂಪಾಯಿ ಠೇವಣಿ ಇಡಿ ಎಂದಿತ್ತು. ಸೆಪ್ಟೆಂಬರ್‌ನಲ್ಲಿ ವಿಭಾಗೀಯ ಪೀಠ ಅದನ್ನು ರದ್ದು ಮಾಡಿತು. ಹಾಡಿದವರು ಎಂದಷ್ಟೇ ತೋರಿಸಿದರೆ ರಚಿಸಿದವರು ಎಂದು ಆಗುವುದಿಲ್ಲ ಎಂಬುದು ಅದರ ನಿಲುವು. ತಲೆಮಾರುಗಳಿಂದ ಬಾಯಲ್ಲೇ ಉಳಿದುಬಂದ ಸಂಗೀತಕ್ಕೆ ಇದು ಕಷ್ಟದ ಮಾತು. ನನಗೆ ಈ ತೀರ್ಪು ಓದಿ ಸಂಕಟವಾಯಿತು, ತರ್ಕ ಮಾತ್ರ ಅರ್ಥವಾಗುತ್ತದೆ.

ಪ್ರಶ್ನೆ: ಸರಸ್ವತಿಪುರಂನಲ್ಲಿ ಸಂಗೀತ ಹೇಳಿಕೊಡುತ್ತೇನೆ. ಮಕ್ಕಳು ಹಾಡಿದ ವಾಸುದೇವಾಚಾರ್ಯರ ಕೃತಿ, ಜಯಚಾಮರಾಜ ಒಡೆಯರ ಕೃತಿ, ಕುವೆಂಪು ಗೀತೆಗಳನ್ನು ಯೂಟ್ಯೂಬ್‌ಗೆ ಹಾಕಬಹುದೇ? ನಾಡಗೀತೆಯ ಧಾಟಿಗೂ ಕೇಸು ಆಯಿತಲ್ಲ?

ಉತ್ತರ: ರಚಿಸಿದವರು ತೀರಿಕೊಂಡ ಮುಂದಿನ ವರ್ಷದಿಂದ 60 ವರ್ಷ ಎಣಿಸಿ. ವಾಸುದೇವಾಚಾರ್ಯರು ತೀರಿಕೊಂಡದ್ದು 1961ರಲ್ಲಿ, ಅವರ ಬದುಕಿನ ಕಾಲದಲ್ಲೇ ಹೊರಬಂದ ಕೃತಿಗಳು 2022ರಿಂದ ಎಲ್ಲರವು. ಒಡೆಯರದ್ದು 1974, ಅಂದರೆ 2034ರ ಕೊನೆಯವರೆಗೆ ಹಕ್ಕು ಇರುತ್ತದೆ. ಕುವೆಂಪು ಅವರದ್ದು 2054ರವರೆಗೆ. ಭಾವಗೀತೆಯಲ್ಲಿ ಕವಿತೆಗೆ ಒಂದು ಹಕ್ಕು, ರಾಗ ಹಾಕಿದವರಿಗೆ ಬೇರೆ ಹಕ್ಕು, ಎರಡನ್ನೂ ನೋಡಬೇಕು. ಯೂಟ್ಯೂಬ್‌ನಲ್ಲಿ ‘ಕ್ಲೈಮ್’ ಬಂತು ಎಂದರೆ ಗಾಬರಿ ಬೇಡ, ಸಾಮಾನ್ಯವಾಗಿ ಜಾಹೀರಾತಿನ ಹಣ ಹಕ್ಕುದಾರರಿಗೆ ಹೋಗುತ್ತದೆ ಅಷ್ಟೆ. ‘ಸ್ಟ್ರೈಕ್’ (ದೂರಿನ ಮೇಲೆ ವಿಡಿಯೊ ತೆಗೆದುಹಾಕಿ ಕೊಡುವ ಎಚ್ಚರಿಕೆ) ಬಂದರೆ ಮಾತ್ರ ಸುಮ್ಮನಿರಬೇಡಿ.

ನಾಡಗೀತೆಯದ್ದು ಹಕ್ಕಿನ ಜಗಳವಲ್ಲ. ಮೈಸೂರು ಅನಂತಸ್ವಾಮಿ ಅವರ ಧಾಟಿಯಲ್ಲಿ, 2 ನಿಮಿಷ 30 ಸೆಕೆಂಡಿನಲ್ಲಿ ಹಾಡಬೇಕು ಎಂದು 2022ರಲ್ಲಿ ಸರ್ಕಾರ ಆದೇಶ ಹೊರಡಿಸಿತು. ಸಿ. ಅಶ್ವತ್ಥ್ ಅವರ ಧಾಟಿಯ ಪರವಾಗಿ ಗಾಯಕ ಕಿಕ್ಕೇರಿ ಕೃಷ್ಣಮೂರ್ತಿ ಹೈಕೋರ್ಟಿಗೆ ಹೋದರು. 2024ರ ಏಪ್ರಿಲ್‌ನಲ್ಲಿ ಅರ್ಜಿ ವಜಾ ಆಯಿತು. ನಿಮ್ಮ ಮನೆಯ ಪಾಠದಲ್ಲಿ ಎರಡೂ ಧಾಟಿ ಹೇಳಿಕೊಡಿ, ಮಕ್ಕಳಿಗೆ ಎರಡೂ ಗೊತ್ತಿರಬೇಕು ಎಂಬುದು ನನ್ನ ಆಸೆ.

ಪ್ರಶ್ನೆ: ನಮ್ಮೂರು ಮಳವಳ್ಳಿ ತಾಲ್ಲೂಕು. ನಮ್ಮಪ್ಪ ನೀಲಗಾರರು, ತಂಬೂರಿ ಹಿಡಿದು ಮಂಟೇಸ್ವಾಮಿ ಪದ ಹಾಡುತ್ತಾರೆ. ಏಳೆಂಟು ವರ್ಷದ ಹಿಂದೆ ಒಂದು ಕ್ಯಾಸೆಟ್ ಕಂಪನಿಯವರು ಬಂದು ರಾತ್ರಿಯೆಲ್ಲ ಹಾಡಿಸಿ, ಸ್ವಲ್ಪ ದುಡ್ಡು ಕೊಟ್ಟು ಹೆಬ್ಬೆಟ್ಟು ಒತ್ತಿಸಿಕೊಂಡರು. ಈಗ ಅದು ಯೂಟ್ಯೂಬ್‌ನಲ್ಲಿ ಚೆನ್ನಾಗಿ ಓಡುತ್ತಿದೆ. ಅಪ್ಪ ಹೊಸದಾಗಿ ಹಾಡಿದ್ದನ್ನು ನಾನು ಹಾಕಿದರೆ ಅವರು ಸ್ಟ್ರೈಕ್ ಕೊಟ್ಟಿದ್ದಾರೆ. ಅಪ್ಪ ತನ್ನ ಪದ ತಾನು ಹಾಡಬಾರದೇ ಅಕ್ಕ?

ಉತ್ತರ: ಹಾಡಬಹುದು, ತಮ್ಮಾ. ಧಾರಾಳವಾಗಿ ಹಾಡಬಹುದು.

ನೀನು ಕಳಿಸಿದ ಫೋಟೊ ದೊಡ್ಡದು ಮಾಡಿ ನೋಡಿದೆ. 100 ರೂಪಾಯಿಯ ಸ್ಟಾಂಪ್ ಪೇಪರ್. ‘ಎಲ್ಲ ಹಕ್ಕುಗಳು’ ಎಂಬರ್ಥದ ಒಂದೇ ಸಾಲು ಇಂಗ್ಲಿಷಿನಲ್ಲಿ ಟೈಪಾಗಿದೆ. ದಿನಾಂಕದ ಜಾಗ ಖಾಲಿ, ಎಷ್ಟು ವರ್ಷಕ್ಕೆ ಎಂಬುದಿಲ್ಲ, ರಾಯಧನದ ಮಾತಿಲ್ಲ, ಸಾಕ್ಷಿಗಳ ಸಹಿಯಿಲ್ಲ. ಕೆಳಗೆ ನೀಲಿ ಶಾಯಿಯಲ್ಲಿ ನಿಮ್ಮಪ್ಪನ ಹೆಬ್ಬೆಟ್ಟು. ಅಕ್ಷರ ಓದಲಾಗದ, ಆದರೆ ರಾತ್ರಿಯಿಡೀ ಕಾವ್ಯವನ್ನು ನೆನಪಿನಿಂದ ಹಾಡಬಲ್ಲ ಹಿರಿಯರ ಕೈಯಲ್ಲಿ ಇಂಥದಕ್ಕೆ ಒತ್ತಿಸಿಕೊಂಡದ್ದು ಅನ್ಯಾಯ, ಅದನ್ನು ಅನ್ಯಾಯ ಎಂದೇ ಬರೆಯುತ್ತಿದ್ದೇನೆ.

ಮಂಟೇಸ್ವಾಮಿ ಕಾವ್ಯಕ್ಕೆ ಯಾವ ಕಂಪನಿಯೂ ಒಡೆಯನಲ್ಲ. ಅವರಿಗೆ ಹಕ್ಕು ಇದ್ದರೆ ಆ ರಾತ್ರಿಯ ರೆಕಾರ್ಡಿಂಗ್ ಮೇಲೆ ಮಾತ್ರ. ಟೇಲರ್ ಸ್ವಿಫ್ಟ್ ಎಂಬ ಅಮೆರಿಕದ ಗಾಯಕಿಗೆ ಇದೇ ಆಗಿತ್ತು. ಆಕೆಯ ಮೊದಲ 6 ಆಲ್ಬಂಗಳ ಮೂಲ ರೆಕಾರ್ಡಿಂಗ್‌ಗಳನ್ನು 2019ರಲ್ಲಿ ಬೇರೆಯವರು ಕೊಂಡರು. ಆಕೆ ಹಳೆಯ ಹಾಡುಗಳನ್ನು ಹೊಸದಾಗಿ ಹಾಡಿ ಆಲ್ಬಂಗಳನ್ನು ಬಿಡತೊಡಗಿದರು, 2025ರಲ್ಲಿ ಹಳೆಯವನ್ನೂ ಕೊಂಡುಕೊಂಡರು. ನಿಮ್ಮಪ್ಪ ಹೊಸದಾಗಿ ಹಾಡಿ ನೀನು ರೆಕಾರ್ಡ್ ಮಾಡಿದ್ದು ನಿಮ್ಮದೇ.

ಆ ಹಳೆಯ ರೆಕಾರ್ಡಿಂಗ್‌ನಲ್ಲೂ ನಿಮ್ಮಪ್ಪನಿಗೆ ಪಾಲಿದೆ. ಹಾಡಿದವರ ಹಕ್ಕು 50 ವರ್ಷ ಇರುತ್ತದೆ (ಸೆಕ್ಷನ್ 38). ವಾಣಿಜ್ಯ ಬಳಕೆಗೆ ರಾಯಧನ ಕೇಳಬಹುದು, ಹೆಸರು ಹಾಕಿ ಎಂದೂ ಕೇಳಬಹುದು. ಬರಹದಲ್ಲಿ ಅವಧಿ ಹೇಳದಿದ್ದರೆ ಹಕ್ಕು ಕೊಟ್ಟದ್ದು 5 ವರ್ಷಕ್ಕೆ ಎಂದೇ ಸೆಕ್ಷನ್ 19 ಹೇಳುತ್ತದೆ, ಅದು ಹಾಡಿದವರ ಹಕ್ಕಿಗೂ ಅನ್ವಯಿಸುತ್ತದೆ. ನಿಮ್ಮದು ಆ ಅವಧಿ ದಾಟಿದೆ.

ಈ ವಾರವೇ ಯೂಟ್ಯೂಬ್‌ನಲ್ಲಿ ಆ ಸ್ಟ್ರೈಕ್‌ಗೆ ಎದುರಾಗಿ ಪ್ರತಿ-ನೋಟಿಸ್ (ಕೌಂಟರ್ ನೋಟಿಫಿಕೇಶನ್) ಹಾಕು. ‘ಇದು ಹೊಸ ರೆಕಾರ್ಡಿಂಗ್, ಹಾಡಿದವರು ಇಂಥವರು, ಚಿತ್ರೀಕರಿಸಿದ್ದು ನಾನು’ ಎಂದು ಬರೆ. 10 ಕೆಲಸದ ದಿನಗಳಲ್ಲಿ ಅವರು ಕೋರ್ಟಿಗೆ ಹೋದ ದಾಖಲೆ ಕೊಡದಿದ್ದರೆ ವಿಡಿಯೊ ಮತ್ತೆ ಬರುತ್ತದೆ. ಜೊತೆಗೆ ಇಲ್ಲಿಯವರೆಗಿನ ಲೆಕ್ಕ ಕೇಳಿ ಕಂಪನಿಗೆ ರಿಜಿಸ್ಟರ್ಡ್ ಅಂಚೆಯಲ್ಲಿ ನೋಟಿಸ್ ಹೋಗಬೇಕು. ವಕೀಲರ ಫೀಸಿನ ಚಿಂತೆ ಬೇಡ: ಮಳವಳ್ಳಿ ಕೋರ್ಟಿನಲ್ಲಿರುವ ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಅರ್ಜಿ ಕೊಡು, ಪರಿಶಿಷ್ಟ ಜಾತಿ, ಪಂಗಡದವರಿಗೂ ಮಹಿಳೆಯರಿಗೂ ಆದಾಯದ ಮಿತಿಯಿಲ್ಲದೆ ನೆರವು ಸಿಗುತ್ತದೆ. ದಾವೆಯವರೆಗೆ ಹೋದರೂ ಕಂಪನಿಯ ಊರಿಗೆ ಅಲೆಯಬೇಕಿಲ್ಲ, ಸೆಕ್ಷನ್ 62ರ ಪ್ರಕಾರ ನೀವು ವಾಸಿಸುವ ಜಿಲ್ಲೆಯ ಕೋರ್ಟಿನಲ್ಲೇ ಹೂಡಬಹುದು. ಹೋಗುವಾಗ ಆ ಸ್ಟಾಂಪ್ ಪೇಪರಿನ ಪ್ರತಿ, ಅಂದು ಹಣ ಕೊಟ್ಟಾಗ ಪಕ್ಕದಲ್ಲಿದ್ದವರ ಹೆಸರು, ಕಂಪನಿಯ ವಿಡಿಯೊದ ಸ್ಕ್ರೀನ್‌ಶಾಟ್ ತೆಗೆದುಕೊಂಡು ಹೋಗು, ನಿಮ್ಮಪ್ಪನನ್ನೂ ಜೊತೆಗೆ ಕರೆದುಕೊಂಡು ಹೋಗು.