ಸಂಪಾದಕರ ಉತ್ತರ: 'ಸಿಂಡಿಕೇಟ್ ನಿರ್ಣಯ' ಎಂದರೆ ಸಾಕೇ?

ದಾವಣಗೆರೆಯ ಓದುಗರಿಗೆ ನಮಸ್ಕಾರ.

ನಿಮ್ಮ ಪತ್ರದಲ್ಲಿ ಎರಡು ಮಾತುಗಳಿವೆ. ಮಗಳ ಎಂ.ಎ. ಪರೀಕ್ಷಾ ಶುಲ್ಕ ವರ್ಷದ ನಡುವೆ ಏರಿದ್ದು ಏಕೆಂದು ವಿಶ್ವವಿದ್ಯಾಲಯದ ಕಿಟಕಿಯಲ್ಲಿ ಕೇಳಿದಾಗ 'ಸಿಂಡಿಕೇಟ್ (ಅಂದರೆ ವಿಶ್ವವಿದ್ಯಾಲಯದ ಆಡಳಿತ ಮಂಡಳಿಯ) ನಿರ್ಣಯವಾಗಿದೆ' ಎಂದರೇ ಹೊರತು ಆ ನಿರ್ಣಯದ ಪ್ರತಿಯನ್ನು ಯಾರೂ ತೋರಿಸಲಿಲ್ಲ ಎಂಬುದು ಮೊದಲನೆಯದು. ಚುನಾಯಿತ ಸದಸ್ಯರೂ ಕೂರುತ್ತಿದ್ದ ವಿಶ್ವವಿದ್ಯಾಲಯದ ಹಿಂದಿನ ದೊಡ್ಡ ಸಭೆಯಾದ ಸೆನೆಟ್ಟನ್ನೂ, ಅದಕ್ಕೆ ನಡೆಯುತ್ತಿದ್ದ ಪದವೀಧರರ ಚುನಾವಣೆಯನ್ನೂ ಮರಳಿ ತಂದರೆ ಇದೆಲ್ಲ ಸರಿಹೋಗುತ್ತದೆ ಎಂಬುದು ಎರಡನೆಯದು. ಮೊದಲನೆಯದನ್ನು ಪೂರ್ತಿಯಾಗಿ ಒಪ್ಪುತ್ತೇನೆ. ಎರಡನೆಯದನ್ನು ಅರ್ಧ ಮಾತ್ರ.

1976ರ ಕಾಯ್ದೆಯಲ್ಲಿದ್ದ ಸೆನೆಟ್ಟನ್ನು 2000ದ ಕರ್ನಾಟಕ ರಾಜ್ಯ ವಿಶ್ವವಿದ್ಯಾಲಯಗಳ ಕಾಯ್ದೆ ಕೈಬಿಟ್ಟಿತು. ಈಗ ಅಧಿಕಾರವೆಲ್ಲ ಸಿಂಡಿಕೇಟಿನಲ್ಲಿ ನೆಲೆಗೊಂಡಿದೆ. ಅಲ್ಲಿ ಕೂರುವವರಲ್ಲಿ ಕೆಲವರು ಹುದ್ದೆಯ ಬಲದಿಂದ, ಕೆಲವರು ಸರದಿಯಿಂದ, ಉಳಿದವರು ಸರ್ಕಾರದ ಮತ್ತು ಕುಲಾಧಿಪತಿಗಳ ನಾಮನಿರ್ದೇಶನದಿಂದ ಬಂದವರು. ಸೆನೆಟ್ಟಿನಲ್ಲಿ ಗದ್ದಲ, ಗುಂಪುಗಾರಿಕೆ ಇರಲಿಲ್ಲವೆಂದಲ್ಲ. ಆದರೆ ಆಯವ್ಯಯವನ್ನು ಎದ್ದು ನಿಂತು ಪ್ರಶ್ನಿಸಲು ಅದೊಂದು ಜಾಗವಾಗಿತ್ತು. ಆ ನಷ್ಟ ನಿಜ.

ಆದರೂ ಚುನಾವಣೆಯೊಂದೇ ಮದ್ದು ಎನ್ನಲು ನನಗೆ ಮನಸ್ಸಾಗದು. ಮುಂಬೈ ವಿಶ್ವವಿದ್ಯಾಲಯದಲ್ಲಿ ಸೆನೆಟ್ ಇಂದಿಗೂ ಇದೆ. ಹಲವು ಸಲ ಮುಂದಕ್ಕೆ ಹೋಗಿ, ನ್ಯಾಯಾಲಯದ ಮೆಟ್ಟಿಲೇರಿ, ಕೊನೆಗೆ 2024ರ ಸೆಪ್ಟೆಂಬರಿನಲ್ಲಿ ನಡೆದ ಅಲ್ಲಿನ ಪದವೀಧರ ಕ್ಷೇತ್ರದ ಚುನಾವಣೆಯಲ್ಲಿ 10 ಸ್ಥಾನಗಳನ್ನೂ ಒಂದೇ ರಾಜಕೀಯ ಪಕ್ಷದ ಯುವಘಟಕ ಗೆದ್ದುಕೊಂಡಿತು. ಗೆದ್ದವರು ಪ್ರಶ್ನೆ ಕೇಳುವುದಿಲ್ಲವೆಂದು ನಾನು ಹೇಳುತ್ತಿಲ್ಲ. ಆದರೆ ಯಾರೇ ಗೆದ್ದರೂ ಸಭೆಯ ಕಾಗದಗಳು ಹೊರಗಿದ್ದವರ ಕೈಗೆ ಬಾರದಿದ್ದರೆ, ನಿಮ್ಮ ಮಗಳು ಅದೇ ಕಿಟಕಿಯ ಮುಂದೆ ನಿಂತಿರುತ್ತಾಳೆ.

ಆ ಕಾಗದಗಳ ಮಾತು ಬಂದದ್ದರಿಂದ ಹೇಳುತ್ತೇನೆ. ಕೆಲವು ವರ್ಷಗಳ ಹಿಂದೆ ಒಂದು ವಿಶ್ವವಿದ್ಯಾಲಯದ ಸಿಂಡಿಕೇಟ್ ನಡಾವಳಿಯ ಪ್ರತಿ ನಮ್ಮ ಕಚೇರಿಗೆ ಬಂದಿತ್ತು. ಹೆಸರು ಬೇಡ. ಪುಟ ತಿರುವಿದಷ್ಟೂ ಕಂಡದ್ದು ಎರಡೇ ವಾಕ್ಯ: 'ಚರ್ಚಿಸಿ ಅನುಮೋದಿಸಲಾಯಿತು' ಮತ್ತು 'ಘಟನೋತ್ತರ ಅನುಮೋದನೆ ನೀಡಲಾಯಿತು', ಅಂದರೆ ಕೆಲಸ ಮುಗಿದ ಮೇಲೆ ಕೊಟ್ಟ ಒಪ್ಪಿಗೆ. ಏನು ಚರ್ಚೆಯಾಯಿತು, ಯಾರು ಒಪ್ಪಲಿಲ್ಲ, ಶುಲ್ಕ ಏರಿಸಲು ಕೊಟ್ಟ ಲೆಕ್ಕವೇನು ಎಂಬುದರ ಸುಳಿವೇ ಇರಲಿಲ್ಲ. ಅತ್ಯಂತ ಭಾರವಾದ ವಿಷಯಗಳು ಕೊನೆಯ ಪುಟದಲ್ಲಿ, 'ಅಧ್ಯಕ್ಷರ ಅನುಮತಿಯ ಮೇರೆಗೆ ಮಂಡಿಸಿದ ಇತರ ವಿಷಯಗಳು' ಎಂಬ ತಲೆಬರಹದಡಿ ಕೂತಿದ್ದವು. ಕಾರ್ಯಸೂಚಿಯಲ್ಲಿಯೇ ಇಲ್ಲದ ವಿಷಯಕ್ಕೆ ಸದಸ್ಯರೇ ಸಿದ್ಧರಾಗಿ ಬರಲಾರರು. ಇನ್ನು ಹೊರಗಿನವರ ಪಾಡೇನು?

ಆದ್ದರಿಂದ ನನ್ನ ಒತ್ತಾಯವಿರುವುದು ಕಾರ್ಯಸೂಚಿಯ ಮೇಲೆ. ಸಭೆಗೆ ಮುನ್ನ ಅದು ಪ್ರಕಟವಾದರೆ ಅಧ್ಯಾಪಕರು, ವಿದ್ಯಾರ್ಥಿಗಳು, ಸಂಯೋಜಿತ ಕಾಲೇಜುಗಳವರು ತಮ್ಮ ಮಾತನ್ನು ವೇಳೆಗೆ ಸರಿಯಾಗಿ ಮುಟ್ಟಿಸಬಹುದು. ನಿರ್ಣಯವಾದ ಮೇಲೆ ಮನವಿ ಕೊಡುವುದು ಪಾಲ್ಗೊಳ್ಳುವಿಕೆಯಲ್ಲ, ಅಳಲು ತೋಡಿಕೊಳ್ಳುವುದು ಅಷ್ಟೆ. ಸಿಬ್ಬಂದಿಯ ಶಿಸ್ತುಕ್ರಮ, ಪ್ರಶ್ನೆಪತ್ರಿಕೆಯಂಥ ಕೆಲವು ವಿಷಯಗಳು ಗೋಪ್ಯವಾಗಿರಲೇಬೇಕು, ಒಪ್ಪುತ್ತೇನೆ. ಶುಲ್ಕದ ಲೆಕ್ಕಕ್ಕೆ ಯಾವ ಗೋಪ್ಯ?

ಇದಕ್ಕೆ ಹೊಸ ಕಾಯ್ದೆಗಾಗಿ ಕಾಯಬೇಕಿಲ್ಲ. 2005ರ ಮಾಹಿತಿ ಹಕ್ಕು ಕಾಯ್ದೆಯ 4ನೆಯ ಪ್ರಕರಣವನ್ನು ಒಮ್ಮೆ ಓದಿ. ಸಾರ್ವಜನಿಕ ಪ್ರಾಧಿಕಾರವೊಂದು ತನ್ನ ಮಂಡಳಿ, ಸಮಿತಿಗಳ ವಿವರವನ್ನೂ, ಅವುಗಳ ಸಭೆಗಳು ಸಾರ್ವಜನಿಕರಿಗೆ ತೆರೆದಿವೆಯೇ, ನಡಾವಳಿಗಳು ಸಿಗುತ್ತವೆಯೇ ಎಂಬುದನ್ನೂ ಯಾರೂ ಕೇಳದೆಯೇ ಪ್ರಕಟಿಸಬೇಕು. ಆಡಳಿತಾತ್ಮಕ ತೀರ್ಮಾನಗಳಿಗೆ ಕಾರಣವನ್ನು ಬಾಧಿತರಿಗೆ ತಿಳಿಸಬೇಕು. ನಿಮ್ಮ ಮಗಳು ಬಾಧಿತಳು.

ಅವಳಿಂದಲೇ ಅರ್ಜಿ ಹಾಕಿಸಿ. ಶುಲ್ಕ 10 ರೂಪಾಯಿ. ನಮ್ಮ ರಾಜ್ಯದ ನಿಯಮದಂತೆ ಅರ್ಜಿ ಒಂದೇ ವಿಷಯಕ್ಕೆ ಸೀಮಿತವಾಗಿರಬೇಕು, 150 ಪದ ಮೀರಬಾರದು. ಹಾಗಾಗಿ ಸಿಟ್ಟನ್ನೆಲ್ಲ ಅದರಲ್ಲಿ ತುಂಬಬೇಡಿ. ಶುಲ್ಕ ಏರಿಸಿದ ಸಭೆಯ ಕಾರ್ಯಸೂಚಿ, ಅದಕ್ಕೆ ಲಗತ್ತಿಸಿದ ಟಿಪ್ಪಣಿ, ನಡಾವಳಿ ಇವಿಷ್ಟನ್ನು ಕೇಳಿದರೆ ಸಾಕು. 30 ದಿನಗಳಲ್ಲಿ ಉತ್ತರ ಬರಬೇಕು. ಬಂದರೆ ಒಂದು ಪ್ರತಿಯನ್ನು ನಮಗೂ ಕಳಿಸಿ. ಅವಳ ಹೆಸರು ತೆಗೆದು ಪ್ರಕಟಿಸುತ್ತೇವೆ. ಬಾರದಿದ್ದರೆ, ಅರ್ಜಿಯನ್ನೇ ಪ್ರಕಟಿಸುತ್ತೇವೆ.

— ಸಂಪಾದಕ