ಓದುಗರ ಪ್ರಶ್ನೆ: ಜಪಾನೀ ಕಲಿಸುವವರು ಎಲ್ಲಿ ಕಲಿಯಬೇಕು?

ಪ್ರಶ್ನೆ: ನಾನು ಬಳ್ಳಾರಿಯಲ್ಲಿ ಮೂರು ವರ್ಷಗಳಿಂದ ಜಪಾನೀ ಭಾಷೆ ಕಲಿಸುತ್ತಿದ್ದೇನೆ. ಜೆಎಲ್‌ಪಿಟಿ ಎಂಬ ಜಪಾನೀ ಭಾಷಾ ಸಾಮರ್ಥ್ಯ ಪರೀಕ್ಷೆಯಲ್ಲಿ, ಸುಲಭದ ಎನ್5ರಿಂದ ಕಠಿಣದ ಎನ್1ರವರೆಗಿನ ಐದು ಹಂತಗಳ ಪೈಕಿ ನಡುವಿನ ಎನ್3 ಮುಗಿಸಿದ್ದೇನೆ. ನರ್ಸಿಂಗ್ ಓದಿದವರು, ಡಿಪ್ಲೊಮಾ ಮುಗಿಸಿದ ಹುಡುಗರು ನನ್ನಲ್ಲಿಗೆ ಬರುತ್ತಾರೆ. ಊರಿನಲ್ಲಿ ಈ ವಿಷಯ ಕಲಿಸುವ ಇನ್ನೊಬ್ಬರ ಪರಿಚಯ ನನಗಿಲ್ಲ. ನನ್ನ ಪಾಠ ಸರಿಯೋ ತಪ್ಪೋ ಎಂದು ಹೇಳುವವರೂ ಇಲ್ಲ. ಕೆಲಸ ಬಿಟ್ಟು ತಿಂಗಳುಗಟ್ಟಲೆ ದೂರದ ಊರಿಗೆ ಹೋಗಲಾಗದ ನಾನು ಶಿಕ್ಷಕಿಯಾಗಿ ಬೆಳೆಯುವುದು ಹೇಗೆ?
— ಓದುಗರೊಬ್ಬರು, ಬಳ್ಳಾರಿ

ಉತ್ತರ: ಮೊದಲು ಹೊರಗಿನ ಅವಕಾಶಗಳನ್ನು ಹೇಳಿಬಿಡುತ್ತೇನೆ. ಜಪಾನಿನ ಭಾಷೆ, ಸಂಸ್ಕೃತಿಯನ್ನು ಹೊರದೇಶಗಳಲ್ಲಿ ಪರಿಚಯಿಸಲು 1972ರಲ್ಲಿ ಸ್ಥಾಪನೆಯಾದ ಜಪಾನ್ ಫೌಂಡೇಶನ್ ಸಂಸ್ಥೆಗೆ ನವದೆಹಲಿಯಲ್ಲಿ ಕಚೇರಿಯಿದೆ. ಭಾರತ ಮತ್ತು ಜಪಾನ್ 2017ರಲ್ಲಿ ಮಾಡಿಕೊಂಡ ಒಪ್ಪಂದದಲ್ಲಿ ಐದು ವರ್ಷಗಳಲ್ಲಿ 1,000 ಜಪಾನೀ ಭಾಷಾ ಶಿಕ್ಷಕರನ್ನು ತಯಾರು ಮಾಡುವ ಗುರಿಯಿತ್ತು, ಅದರಂತೆ 2018ರಲ್ಲಿ ದೆಹಲಿಯಲ್ಲಿ ಶಿಕ್ಷಕರ ತರಬೇತಿ ಕೇಂದ್ರ ಆರಂಭವಾಯಿತು. ಜಪಾನಿನ ಸೈತಾಮಾ ಪ್ರಾಂತ್ಯದ ಉರಾವಾದಲ್ಲಿ ಹೊರದೇಶಗಳ ಶಿಕ್ಷಕರಿಗೆಂದೇ 1989ರಿಂದ ಒಂದು ಸಂಸ್ಥೆ ನಡೆಯುತ್ತಿದೆ. ಅರ್ಜಿ ಕರೆದಾಗ ಹಾಕಿರಿ, ಒಮ್ಮೆ ಸಿಗದಿದ್ದರೆ ಮತ್ತೊಮ್ಮೆ ಹಾಕಿರಿ. ಆದರೆ ಅಲ್ಲಿಯವರೆಗೆ ಕಾಯುತ್ತ ಕೂರಬೇಕಾಗಿಲ್ಲ.

ನಾಳೆಯೇ ಮಾಡಬಹುದಾದ ಕೆಲಸವೊಂದಿದೆ. ಮೊಬೈಲನ್ನು ಮೇಜಿನ ಮೇಲಿಟ್ಟು, ಮಕ್ಕಳಿಗೆ ತಿಳಿಸಿ, ಒಂದು ಇಡೀ ಪಾಠವನ್ನು ಧ್ವನಿಮುದ್ರಣ ಮಾಡಿಕೊಳ್ಳಿರಿ. ಕಲಿಸಲು ತೊಡಗಿದ ಹೊಸತರಲ್ಲಿ ನಾನು ಹಾಗೆ ಮಾಡಿ, ರಾತ್ರಿ ಕೇಳಿದಾಗ ನಿದ್ದೆ ಬರಲಿಲ್ಲ. ಪ್ರಶ್ನೆ ಕೇಳಿ ಎರಡು ಸೆಕೆಂಡೂ ಕಾಯದೆ ಉತ್ತರವನ್ನು ನಾನೇ ಹೇಳಿಬಿಡುತ್ತಿದ್ದೆ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಸರಿಯಾದ ಮಾತನ್ನೇ ಆರಂಭಿಸಿ, ನನ್ನ ದನಿ ಕೇಳಿದೊಡನೆ ಅರ್ಧಕ್ಕೆ ನಿಲ್ಲಿಸಿದ್ದು ಸ್ಪಷ್ಟವಾಗಿ ದಾಖಲಾಗಿತ್ತು. ಯಾವ ತರಬೇತುದಾರರೂ ಅಷ್ಟು ನೇರವಾಗಿ ನನ್ನ ತಪ್ಪನ್ನು ತೋರಿಸಿರಲಿಲ್ಲ. ತಿಂಗಳಿಗೊಂದು ಪಾಠವನ್ನು ಹೀಗೆ ಕೇಳಿ, ಬದಲಿಸಬೇಕಾದ ಒಂದೇ ಒಂದು ಸಂಗತಿಯನ್ನು ಬರೆದಿಟ್ಟುಕೊಳ್ಳಿರಿ.

ಎರಡನೆಯದು ನನಗೆ ಬಹಳ ಮುಖ್ಯವೆನಿಸುವ ವಿಷಯ. ನಮ್ಮಲ್ಲಿ ಹೆಚ್ಚಿನವರು ಇಂಗ್ಲಿಷ್ ವಿವರಣೆಯ ಪುಸ್ತಕಗಳಿಂದ ಜಪಾನೀ ಕಲಿತವರು, ಕಲಿಸುವಾಗಲೂ ಅದೇ ದಾರಿ ಹಿಡಿಯುತ್ತೇವೆ. ಆದರೆ ನಿಮ್ಮ ಎದುರು ಕುಳಿತವರು ಕನ್ನಡದವರು, ಮತ್ತು ಜಪಾನೀ ವಾಕ್ಯ ಕನ್ನಡದ ವಾಕ್ಯದಂತೆಯೇ ಕ್ರಿಯಾಪದದಲ್ಲಿ ಮುಗಿಯುತ್ತದೆ, ವಿಭಕ್ತಿಯ ಕೆಲಸ ಮಾಡುವ ಪ್ರತ್ಯಯಗಳು ನಾಮಪದದ ನಂತರವೇ ಬರುತ್ತವೆ. ‘ತಬೆತೆ ಮಿರು’ ಎಂದರೆ ‘ತಿಂದು ನೋಡು’. ‘ಮಿರು’ ಎಂಬುದು ಕಣ್ಣಿನಿಂದ ನೋಡುವುದಕ್ಕೂ ಬಳಕೆಯಾಗುವ ಮಾತೇ. ‘ಕೈತೆ ಒಕು’ ನಮ್ಮ ‘ಬರೆದಿಡು’. ‘ಕಿನೋ ಕಿತ ಹಿತೊ’ ಎಂಬುದು ‘ನಿನ್ನೆ ಬಂದ ಮನುಷ್ಯ’, ಪದಕ್ಕೆ ಪದ ಹೊಂದುತ್ತದೆ. ಮನೆಯಿಂದ ಹೊರಡುವಾಗ ನಮ್ಮ ಕಡೆ ಯಾರೂ ‘ಹೋಗ್ತೀನಿ’ ಎನ್ನುವುದಿಲ್ಲ, ‘ಹೋಗಿ ಬರ್ತೀನಿ’ ಎನ್ನುತ್ತೇವೆ. ಜಪಾನಿನವರೂ ‘ಇತ್ತೆಕಿಮಸು’ ಎನ್ನುತ್ತಾರೆ, ‘ಇತ್ತೆ’ ಎಂದರೆ ಹೋಗಿ, ‘ಕಿಮಸು’ ಎಂದರೆ ಬರುತ್ತೇನೆ. ಇದನ್ನು ಕಪ್ಪುಹಲಗೆಯ ಮೇಲೆ ಅಕ್ಕಪಕ್ಕ ಬರೆದು ತೋರಿಸಿದ ದಿನ ಮಕ್ಕಳ ಮುಖದಲ್ಲಿ ಕಾಣುವ ಧೈರ್ಯವೇ ಬೇರೆ.

ಉಚ್ಚಾರಣೆಯಲ್ಲೂ ಹಾಗೆಯೇ. ‘ಒಬಸನ್’ ಎಂದರೆ ಅತ್ತೆ ಅಥವಾ ಚಿಕ್ಕಮ್ಮ, ‘ಒಬಾಸನ್’ ಎಂದರೆ ಅಜ್ಜಿ. ‘ಕಿತೆ’ ಎಂದರೆ ಬಂದು, ‘ಕಿತ್ತೆ’ ಎಂದರೆ ಕತ್ತರಿಸಿ. ಇಂಗ್ಲಿಷ್ ಅಕ್ಷರಗಳಲ್ಲಿ ಬರೆದುಕೊಂಡಾಗ ದೀರ್ಘ ಸ್ವರ ಸುಲಭವಾಗಿ ಕಳೆದುಹೋಗುತ್ತದೆ. ಕತೆ ಮತ್ತು ಕತ್ತೆ, ಬಲೆ ಮತ್ತು ಬಾಲೆ ಬೇರೆಯೆಂದು ಎಳವೆಯಿಂದಲೇ ತಿಳಿದ ಕಿವಿಗೆ ಇದೇನೂ ಹೊಸದಲ್ಲ. ಹಿರಗಾನ ಲಿಪಿ ಕೈಗೆ ಹತ್ತುವವರೆಗೆ ಉಚ್ಚಾರಣೆಯನ್ನು ಕನ್ನಡದಲ್ಲೇ ಬರೆಸಿರಿ.

ಇದೇ ನಂಟು ಮೋಸಗೊಳಿಸುವ ಜಾಗಗಳೂ ಇವೆ, ಅವುಗಳ ಪಟ್ಟಿಯನ್ನು ನೀವೇ ನಿಮ್ಮ ತರಗತಿಯಿಂದ ಕಟ್ಟಬೇಕು. ಅಮ್ಮ ಕರೆದಾಗ ನಾವು ‘ಬಂದೆ’ ಎನ್ನುತ್ತೇವೆ. ಜಪಾನಿನಲ್ಲಿ ‘ಇಮಾ ಇಕಿಮಸು’, ಅಂದರೆ ‘ಈಗ ಹೋಗುತ್ತೇನೆ’ ಎನ್ನಬೇಕು. ನಮಗೆ ‘ಇದು’, ‘ಅದು’ ಎರಡೇ ಇದ್ದರೆ ಅವರಿಗೆ ಮೂರು: ನನ್ನ ಹತ್ತಿರದ್ದು ‘ಕೊರೆ’, ನಿಮ್ಮ ಹತ್ತಿರದ್ದು ‘ಸೊರೆ’, ಇಬ್ಬರಿಗೂ ದೂರದ್ದು ‘ಅರೆ’. ಒಂದು ಪೆನ್ನನ್ನು ವಿದ್ಯಾರ್ಥಿಯ ಕೈಗೆ ಕೊಟ್ಟು, ಡಸ್ಟರನ್ನು ಕಿಟಕಿಯ ಮೇಲಿಟ್ಟು ಅಭ್ಯಾಸ ಮಾಡಿಸದ ಹೊರತು ಇದು ತಲೆಯಲ್ಲಿ ನಿಲ್ಲುವುದಿಲ್ಲ. ನಮ್ಮ ‘ಕೊಡು’ ಎಂಬ ಒಂದು ಮಾತಿಗೆ ಅಲ್ಲಿ, ನಾನು ಪರರಿಗೆ ಕೊಟ್ಟರೆ ‘ಅಗೆರು’, ಪರರು ನನಗೆ ಕೊಟ್ಟರೆ ‘ಕುರೆರು’.

ನಿಮ್ಮ ನರ್ಸಿಂಗ್ ವಿದ್ಯಾರ್ಥಿಗಳ ವಿಷಯವನ್ನೂ ಹೇಳಬೇಕು. ಜಪಾನ್ 2019ರಲ್ಲಿ ಆರಂಭಿಸಿದ ನಿರ್ದಿಷ್ಟ ಕೌಶಲದ ವೀಸಾಕ್ಕೆ ಸಾಮಾನ್ಯವಾಗಿ ಎನ್4 ಅಥವಾ ಜೆಎಫ್‌ಟಿ-ಬೇಸಿಕ್ ಎಂಬ ಆರಂಭಿಕ ಜಪಾನೀ ಪರೀಕ್ಷೆ ಬೇಕು, ಆರೈಕೆಯ ಕೆಲಸಕ್ಕಾದರೆ ಅದಕ್ಕೆ ಸಂಬಂಧಿಸಿದ ಭಾಷಾ ಪರೀಕ್ಷೆಯೂ ಇದೆ. ಅವರಿಗೆ ವ್ಯಾಕರಣದ ಕೋಷ್ಟಕಕ್ಕಿಂತ ಮೊದಲು ‘ದೊಕೊ ಗ ಇತಾಯ್ ದೆಸು ಕಾ’, ‘ಎಲ್ಲಿ ನೋಯುತ್ತದೆ’ ಎಂದು ಮೆಲುದನಿಯಲ್ಲಿ ಕೇಳಲು ಬರಬೇಕು. ಜಪಾನ್ ಫೌಂಡೇಶನ್ನಿನ ‘ಇರೊದೊರಿ’ ಪಠ್ಯ ಇಂಥ ‘ಏನು ಮಾಡಬಲ್ಲೆ’ ಎಂಬ ಗುರಿಗಳ ಮೇಲೆಯೇ ನಿಂತಿದೆ; ಧ್ವನಿಮುದ್ರಣ ಸಮೇತ ಉಚಿತವಾಗಿ ಸಿಗುತ್ತದೆ. ಅದರ ಒಂದು ಪಾಠವನ್ನು ಬಿಡಿಸಿ ನೋಡುವುದೇ ಶಿಕ್ಷಕರಿಗೆ ಒಳ್ಳೆಯ ತರಬೇತಿ.

ಇನ್ನು ಜೊತೆಗಾರರ ಮಾತು. ತೋರಣಗಲ್ಲಿನಲ್ಲಿ ಉಕ್ಕಿನ ಕಾರ್ಖಾನೆಯಿರುವ ಜೆಎಸ್‌ಡಬ್ಲ್ಯು ಸ್ಟೀಲ್ ಕಂಪನಿಗೆ ಜಪಾನಿನ ಜೆಎಫ್‌ಇ ಸ್ಟೀಲ್ 2010ರಿಂದ ಪಾಲುದಾರ; ಜಪಾನಿಗೆ ಹೋಗಿಬಂದ ಎಂಜಿನಿಯರುಗಳು ಅಲ್ಲಿ ಇದ್ದಾರೆಯೇ ಎಂದು ವಿಚಾರಿಸಿ, ಒಂದು ಭಾನುವಾರ ತರಗತಿಗೆ ಕರೆಯಿರಿ. ಜುಲೈ, ಡಿಸೆಂಬರಿನ ಜೆಎಲ್‌ಪಿಟಿಗೆ ವಿದ್ಯಾರ್ಥಿಗಳು ಹಂಪಿ ಎಕ್ಸ್‌ಪ್ರೆಸ್ ಹತ್ತಿ ಬೆಂಗಳೂರಿಗೆ ಹೊರಟಾಗ ನೀವೂ ಜೊತೆಗೆ ಹೋಗಿರಿ. ಪರೀಕ್ಷಾ ಕೇಂದ್ರದ ಗೇಟಿನ ಹೊರಗೆ ನಿಮ್ಮಂತೆಯೇ ಕಾಯುವ ಶಿಕ್ಷಕರಿರುತ್ತಾರೆ. ಅವರಲ್ಲಿ ಮೂವರು ಒಪ್ಪಿದರೂ ಸಾಕು, ತಿಂಗಳಿಗೊಮ್ಮೆ ಆನ್‌ಲೈನಿನಲ್ಲಿ ಕೂತು ಒಬ್ಬರ ಪಾಠವನ್ನು ಉಳಿದವರು ನೋಡುವ ಏರ್ಪಾಡು ಮಾಡಿಕೊಳ್ಳಬಹುದು.

ಪ್ರಶ್ನೆ: ಎನ್2 ಆಗದೆ ಕಲಿಸುವುದು ತಪ್ಪೇ?
— ಓದುಗರೊಬ್ಬರು, ಕೊಪ್ಪಳ

ಉತ್ತರ: ಆರಂಭದ ಎನ್5, ಎನ್4 ಹಂತಗಳನ್ನು ಎನ್3 ಆದವರು ಎಚ್ಚರಿಕೆಯಿಂದ ಕಲಿಸುವುದರಲ್ಲಿ ತಪ್ಪಿಲ್ಲ, ಆದರೆ ಮುಂದಿನ ಹಂತದ ಓದನ್ನು ಬಿಡಬಾರದು. ಜೆಎಲ್‌ಪಿಟಿಯಲ್ಲಿ ಮಾತನಾಡುವ ಪರೀಕ್ಷೆಯೂ ಇಲ್ಲ, ಬರೆಯುವ ಪರೀಕ್ಷೆಯೂ ಇಲ್ಲ. ಆದ್ದರಿಂದ ಎನ್2 ಪ್ರಮಾಣಪತ್ರ ಕೈಯಲ್ಲಿದ್ದರೂ ದಿನಕ್ಕೆ ಹತ್ತು ನಿಮಿಷ ಗಟ್ಟಿಯಾಗಿ ಓದಿ, ವಾರಕ್ಕೊಂದು ಪುಟ ಕೈಯಿಂದ ಬರೆಯುವ ಅಭ್ಯಾಸವನ್ನು ನೀವು ಬೇರೆಯಾಗಿಯೇ ಇಟ್ಟುಕೊಳ್ಳಬೇಕಾಗುತ್ತದೆ.